ಬಿಚ್ಚಿ ಜೋಡಿಸಿದ ಮೇಲೆ ಪಿಕಪ್ ಎಲ್ಲಿ ಹೋಯಿತು?

ಹಳೆಯ ಕಾರು ಇಟ್ಟುಕೊಂಡವರು ಹೇಳಿಕೊಳ್ಳುವ ಸಂಕಟಗಳಲ್ಲಿ ಒಂದು ಸ್ವಲ್ಪ ವಿಚಿತ್ರವಾದದ್ದು. ಗ್ಯಾರೇಜಿಗೆ ಬಿಡುವಾಗ ಎಂಜಿನ್‌ನಲ್ಲಿ ಒಂದಿಷ್ಟು ಸದ್ದು ಇರುತ್ತದೆ, ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಹೊಗೆಯೂ ಇರುತ್ತದೆ. ಆದರೂ ಗಾಡಿ ಏರು ಹತ್ತುತ್ತಿರುತ್ತದೆ. ಹದಿನೈದು ದಿನ ಕಾದು, ಬಿಲ್ಲು ಕೊಟ್ಟು ಮನೆಗೆ ತಂದರೆ ಸದ್ದಿಲ್ಲ, ಹೊಗೆಯಿಲ್ಲ, ಏರು ಹತ್ತುವ ಶಕ್ತಿಯೂ ಇಲ್ಲ! ಎಕ್ಸಲೇಟರ್ ಎಷ್ಟು ಒತ್ತಿದರೂ ಗಾಡಿ ಮುಂದಕ್ಕೆ ಮನಸ್ಸು ಮಾಡುವುದಿಲ್ಲ. ನಮ್ಮ ಕಡೆ ಇದಕ್ಕೆ ‘ಪಿಕಪ್ ಇಲ್ಲ’ ಎನ್ನುತ್ತಾರೆ.

ಮೇಸ್ತ್ರಿಯನ್ನು ಕೇಳಿದರೆ ಸಾಮಾನ್ಯವಾಗಿ ಸಿಗುವುದು ಎರಡು ಉತ್ತರ. ‘ಈಗಷ್ಟೇ ಕೆಲಸ ಆಗಿದೆಯಲ್ಲ, ಸಾವಿರ ಕಿಲೋಮೀಟರ್ ಓಡಿಸಿ, ತಾನಾಗಿ ಬಿಟ್ಟುಕೊಳ್ಳುತ್ತದೆ’ ಎಂಬುದು ಮೊದಲನೆಯದು. ಅದು ಆಗದಿದ್ದರೆ ‘ಬೋರ್ ಹೋಗಿದೆ, ಪೂರ್ತಿ ಇಳಿಸಬೇಕು’ ಎಂಬುದು ಎರಡನೆಯದು. ಎರಡೂ ನಿಜವಿರಬಹುದು. ಆದರೆ ಅಳೆದು ನೋಡದೆ ಎರಡನ್ನೂ ಹೇಳುವಂತಿಲ್ಲ. ಎರಡನೆಯ ಮಾತಿಗೆ ಒಪ್ಪುವ ಮುನ್ನವಂತೂ ಹತ್ತು ಸಲ ಯೋಚಿಸಬೇಕು. ಏಕೆಂದರೆ ಸಿಲಿಂಡರನ್ನು ಒಮ್ಮೆ ಕೊರೆದು ದೊಡ್ಡದು ಮಾಡಿದರೆ ಆ ಲೋಹ ಮತ್ತೆ ಬಾರದು. ಒಂದು ಬ್ಲಾಕನ್ನು ಕೊರೆಯಬಹುದಾದದ್ದು ಕೆಲವೇ ಬಾರಿ. ಹೊಸ ಬ್ಲಾಕ್ ತಯಾರಾಗುವುದು ನಿಂತು ದಶಕಗಳೇ ಆದ ಕಾರಿನಲ್ಲಿ ಅನವಶ್ಯಕವಾಗಿ ಬೋರ್ ಮಾಡಿಸುವುದೆಂದರೆ ಅದರ ಆಯುಷ್ಯದ ಒಂದು ಪಾಲನ್ನು ಸುಮ್ಮನೆ ಗುಡಿಸಿ ಹಾಕಿದಂತೆ.

ಇಲ್ಲಿ ನಾನು ಹೇಳಹೊರಟಿರುವುದು ಪ್ರೀಮಿಯರ್ ಪದ್ಮಿನಿಯ ವಿಷಯ. ಇಟಲಿಯ ಫಿಯೆಟ್ 1100ರ ವಂಶದ್ದು; ಮುಂಬಯಿಯ ಕುರ್ಲಾದಲ್ಲಿ ತಯಾರಾಗುತ್ತಿತ್ತು. 1970ರ ದಶಕದಲ್ಲಿ ಚಿತ್ತೂರಿನ ರಾಣಿಯ ಹೆಸರು ಬಂದರೂ ಜನರ ಬಾಯಲ್ಲಿ ಕೊನೆಯವರೆಗೂ ಅದು ‘ಫಿಯೆಟ್ಟೇ’. ಮುಂಬಯಿಯ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕಡೆಯ ಪದ್ಮಿನಿ 2023ರ ಅಕ್ಟೋಬರ್‌ನಲ್ಲಿ ನಿವೃತ್ತವಾಯಿತು. ಆದರೆ ನಮ್ಮ ಮಲೆನಾಡಿನ ಎಷ್ಟೋ ಮನೆಗಳ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ನಾಲ್ಕು ಸಿಲಿಂಡರು; ಒಂದೊಂದರ ವ್ಯಾಸ 68 ಮಿಲಿಮೀಟರ್, ಪಿಸ್ಟನ್ ಓಡಾಡುವ ದೂರ 75 ಮಿಲಿಮೀಟರ್. ಗುಣಿಸಿ ನೋಡಿ, ಒಟ್ಟು 1089 ಘನ ಸೆಂಟಿಮೀಟರ್ ಬರುತ್ತದೆ. ಶಕ್ತಿ ಸುಮಾರು 40 ಅಶ್ವಶಕ್ತಿ, ಅದೂ ನಿಮಿಷಕ್ಕೆ 4800 ಸುತ್ತಿನ ಆಸುಪಾಸಿನಲ್ಲಿ.

ನೆರೆಮನೆಯ ರಾಯರ ಬಳಿ ಇರುವುದು 1986ರ ಪದ್ಮಿನಿ. ತೀರ್ಥಹಳ್ಳಿಯಿಂದ ಉಡುಪಿಯ ಮಗಳ ಮನೆಗೆ ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ. ಟೈಮಿಂಗ್ ಚೈನು ಸಡಿಲವಾಗಿ ಕಟಕಟ ಎನ್ನುತ್ತಿತ್ತೆಂದು ಅದನ್ನು ಬದಲಾಯಿಸಿ, ಹಾಗೆಯೇ ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್ ಮಾಡಿಸಿದರು. ಗಾಡಿ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು, ಊರೊಳಗೆ ಚೆನ್ನಾಗಿ ಓಡುತ್ತಿತ್ತು. ಉಡುಪಿಯಿಂದ ಮರಳುವಾಗ ಮಾತ್ರ, ಮೊದಲೆಲ್ಲ ಮೂರನೇ ಗೇರಿನಲ್ಲಿ ಸಾಗುತ್ತಿದ್ದ ಆಗುಂಬೆ ಘಾಟಿಯ ನೇರ ಏರುಗಳಲ್ಲಿ ಎರಡಕ್ಕೆ ಇಳಿಸಿ, ಒಂದಕ್ಕೂ ಇಳಿಸಿ, ಹಿಂದಿನವರ ಹಾರನ್ ಕೇಳುತ್ತಾ ಬರಬೇಕಾಯಿತು. ಮೇಸ್ತ್ರಿ ಹೇಳಿದ್ದು ಮೇಲಿನ ಎರಡನೆಯ ಉತ್ತರ: ಬೋರ್, ಪಿಸ್ಟನ್, ರಿಂಗ್, ಮೂವತ್ತೈದು ಸಾವಿರ. ಪಿಂಚಣಿಯಲ್ಲಿ ಬದುಕುವವರಿಗೆ ಅದು ಸಣ್ಣ ಮೊತ್ತವಲ್ಲ. ಬೆಂಗಳೂರಿನ ಮಗ ‘ಗುಜರಿಗೆ ಕೊಟ್ಟುಬಿಡಿ ಅಪ್ಪ’ ಎಂದನಂತೆ. ‘ಮಾಸ್ಟ್ರೇ, ನೀವೊಮ್ಮೆ ನೋಡಿ. ನೀವೂ ಆಗುವುದಿಲ್ಲ ಅಂದರೆ ಕೊಟ್ಟುಬಿಡುತ್ತೇನೆ’ ಎಂದರು ರಾಯರು.

ಘಾಟಿಯ ಲೆಕ್ಕ

ಊರೊಳಗೆ ಚೆನ್ನಾಗಿ ಓಡುವ ಗಾಡಿ ಘಾಟಿಯಲ್ಲಿ ಮಾತ್ರ ಏಕೆ ಸೋಲುತ್ತದೆ? ಹೈಸ್ಕೂಲಿನ ಲೆಕ್ಕವೇ ಸಾಕು. ಕಾರು, ಜನ, ಸಾಮಾನು ಎಲ್ಲ ಸೇರಿ 1200 ಕಿಲೋ ಎಂದಿಟ್ಟುಕೊಳ್ಳೋಣ. ಹನ್ನೆರಡು ಅಡಿ ಸಾಗಿದರೆ ಒಂದು ಅಡಿ ಏರುವ ರಸ್ತೆ. ಅಲ್ಲಿ ಕಾರನ್ನು ಹಿಂದಕ್ಕೆ ಜಗ್ಗುವ ಬಲ 1200ರ ಹನ್ನೆರಡನೇ ಒಂದು ಪಾಲು, ಅಂದರೆ 100 ಕಿಲೋ ತೂಕದಷ್ಟು. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 8.3 ಮೀಟರ್. ಎರಡನ್ನೂ ಗುಣಿಸಿ 75ರಿಂದ ಭಾಗಿಸಿದರೆ 11 ಅಶ್ವಶಕ್ತಿ. ಟೈರುಗಳ ಉರುಳು ಘರ್ಷಣೆಗೆ ಇನ್ನೆರಡು ಸೇರಿಸಿ, ಹದಿಮೂರು.

ನಲವತ್ತರಲ್ಲಿ ಹದಿಮೂರು ಯಾವ ಲೆಕ್ಕ ಎನ್ನಬೇಡಿ. ಮೂರನೇ ಗೇರಿನಲ್ಲಿ ಆ ವೇಗಕ್ಕೆ ಎಂಜಿನ್ ತಿರುಗುವುದು ನಿಮಿಷಕ್ಕೆ 1800 ಸುತ್ತಿನಷ್ಟು. ಅಷ್ಟು ಕಡಿಮೆ ಸುತ್ತಿನಲ್ಲಿ ಅದು ಕೊಡಬಲ್ಲದ್ದು ಹದಿನೈದು, ಹೆಚ್ಚೆಂದರೆ ಹದಿನೇಳು. ಗೇರುಬಾಕ್ಸು, ಡಿಫರೆನ್ಷಿಯಲ್‌ಗಳು ತಮ್ಮ ಪಾಲು ತಿಂದ ಮೇಲೆ ಕೈಯಲ್ಲಿ ಉಳಿಯುವುದು ಒಂದೆರಡು ಅಶ್ವಶಕ್ತಿ ಅಷ್ಟೆ. ಆದ್ದರಿಂದ ಎಂಜಿನ್ ತನ್ನ ಬಲದಲ್ಲಿ ಐದನೇ ಒಂದು ಪಾಲು ಕಳೆದುಕೊಂಡರೆ ಪೇಟೆಯಲ್ಲಿ ಗೊತ್ತೇ ಆಗುವುದಿಲ್ಲ. ಘಾಟಿಯಲ್ಲಿ ಬಣ್ಣ ಬಯಲಾಗುತ್ತದೆ.

ಕೈ ಮುಟ್ಟಿದ ಕಡೆ ಮೊದಲ ಅನುಮಾನ

ಕೆಲಸಕ್ಕೆ ಮುಂಚೆ ಸರಿಯಿದ್ದದ್ದು ಕೆಲಸದ ನಂತರ ಕೆಟ್ಟಿದ್ದರೆ, ಕೆಲಸದಲ್ಲಿ ಏನೇನು ಬಿಚ್ಚಿದ್ದರು ಎಂಬ ಪಟ್ಟಿಯಿಂದ ಹುಡುಕಾಟ ಶುರುವಾಗಬೇಕು. ಮೂವತ್ತೇಳು ವರ್ಷ ಸವೆದ ಬೋರ್ ಸರಿಯಾಗಿ ಆ ಹದಿನೈದು ದಿನಗಳಲ್ಲೇ, ಅದೂ ಗಾಡಿ ನಿಂತಿದ್ದಾಗ, ಹೋಗಿಬಿಟ್ಟಿತು ಎಂದರೆ ನಂಬುವುದು ಕಷ್ಟ. ಹೆಡ್ ಕೆಲಸದಲ್ಲಿ ಬಿಚ್ಚುವುದು ಯಾವುದನ್ನು? ಕಾರ್ಬೊರೇಟರ್, ಎಕ್ಸಲೇಟರಿನ ಕೊಂಡಿಗಳು, ಪೆಟ್ರೋಲ್ ಪೈಪು, ಪ್ಲಗ್ ವೈರುಗಳು, ಸೈಲೆನ್ಸರ್ ಪೈಪು, ಟ್ಯಾಪೆಟ್, ಹೆಡ್ ಪ್ಯಾಕಿಂಗ್. ರಾಯರ ಗಾಡಿಯಲ್ಲಿ ಇವುಗಳ ಜೊತೆಗೆ ಟೈಮಿಂಗ್ ಚೈನು.

ಇವುಗಳಲ್ಲಿ ಕಾಸು ಖರ್ಚಿಲ್ಲದವನ್ನು ಮೊದಲು ನೋಡುವುದು ಜಾಣತನ. ಎಂಜಿನ್ ನಿಲ್ಲಿಸಿ ಏರ್ ಫಿಲ್ಟರ್ ತೆಗೆಯಿರಿ. ಒಬ್ಬರು ಒಳಗೆ ಕುಳಿತು ಎಕ್ಸಲೇಟರನ್ನು ತಳದವರೆಗೆ ಒತ್ತಲಿ, ಇನ್ನೊಬ್ಬರು ಕಾರ್ಬೊರೇಟರಿನ ಬಾಯೊಳಗೆ ಬ್ಯಾಟರಿ ಬಿಟ್ಟು ನೋಡಲಿ. ಕೆಳಗಿನ ತಟ್ಟೆ ಪೂರ್ತಿ ಲಂಬವಾಗಿ ನಿಲ್ಲಬೇಕು. ಕೊಂಡಿ ಒಂದಿಷ್ಟು ತಪ್ಪಿ ಕೂತಿದ್ದರೆ ಪೆಡಲು ನೆಲ ಮುಟ್ಟಿದರೂ ತಟ್ಟೆ ಅರ್ಧವೇ ತೆರೆದಿರುತ್ತದೆ. ಎಂಜಿನ್ ಅರ್ಧ ಮೂಗಿನಿಂದ ಉಸಿರಾಡುತ್ತಿರುತ್ತದೆ, ನಾವು ಬೋರ್ ಮೇಲೆ ಆರೋಪ ಹೊರಿಸುತ್ತಿರುತ್ತೇವೆ. ಚೋಕ್ ತಟ್ಟೆ ಪೂರ್ತಿ ಬಿಟ್ಟುಕೊಂಡಿದೆಯೇ ಎಂಬುದನ್ನೂ ಆಗಲೇ ನೋಡಿಬಿಡಬಹುದು. ರಾಯರ ಗಾಡಿಯಲ್ಲಿ ಇವೆರಡೂ ಸರಿಯಿದ್ದವು. ಆದರೆ ಏರ್ ಫಿಲ್ಟರಿನ ಒಳಮೈ ಪೆಟ್ರೋಲಿನಿಂದ ಒದ್ದೆಯಾಗಿತ್ತು. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಎರಡನೆಯದು, ಎಂಜಿನ್ ಶಕ್ತಿ ಹುಟ್ಟಿಸುತ್ತಿಲ್ಲವೋ ಅಥವಾ ಹುಟ್ಟಿದ ಶಕ್ತಿ ಚಕ್ರ ತಲುಪುತ್ತಿಲ್ಲವೋ ಎಂಬುದು. ಏರಿನಲ್ಲಿ ಎಂಜಿನ್ನಿನ ಸದ್ದು ಏರುತ್ತಾ ಹೋಗಿ ವೇಗ ಮಾತ್ರ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಐದಾರು ಕಿಲೋಮೀಟರ್ ಓಡಿಸಿ ಇಳಿದು ನಾಲ್ಕೂ ಚಕ್ರಗಳ ಹತ್ತಿರ ಕೈ ಹಿಡಿದು ನೋಡಿ. ಒಂದು ಮಾತ್ರ ಕಾವಲಿಯಂತೆ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿದೆ. ಇದಕ್ಕೆ ಯಾವ ಎಂಜಿನ್ ಕೆಲಸವೂ ಮದ್ದಲ್ಲ.

ಮೂರನೆಯದು ಪ್ಲಗ್ ವೈರು. ಫಿಯೆಟ್ಟಿನಲ್ಲಿ ಕಿಡಿ ಹಾರುವ ಕ್ರಮ 1, 3, 4, 2. ಎರಡು ವೈರು ಅದಲುಬದಲಾದರೆ ಎಂಜಿನ್ ಕುಂಟುತ್ತದೆ, ಕಿವಿಗೇ ಗೊತ್ತಾಗುತ್ತದೆ. ರಾಯರ ಎಂಜಿನ್ ಹೊಲಿಗೆ ಯಂತ್ರದಂತೆ ಸಮನಾಗಿ ಓಡುತ್ತಿದ್ದುದರಿಂದ ಇಲ್ಲಿ ನಿಲ್ಲಬೇಕಾಗಲಿಲ್ಲ.

ಪೆಟ್ರೋಲ್ ಪಂಪಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹಳೆಯ ಕಾರುಗಳಲ್ಲಿ ಇದು ಪದೇ ಪದೇ ಆಗುವಂಥದ್ದು. ಪಂಪನ್ನು ಆಡಿಸುವುದು ಎಂಜಿನ್ ಒಳಗಿನ ಕ್ಯಾಮ್ ಶಾಫ್ಟು, ಒಂದು ಸನ್ನೆಯ ಮೂಲಕ. ಪಂಪು ಮತ್ತು ಎಂಜಿನ್ ನಡುವಿನ ಪ್ಯಾಕಿಂಗ್ ದಪ್ಪವಾದರೆ ಸನ್ನೆಯ ಓಟ ಕಡಿಮೆಯಾಗುತ್ತದೆ. ಎಣ್ಣೆ ಸೋರುತ್ತದೆಂದು ಒಂದರ ಬದಲು ಎರಡು ಪ್ಯಾಕಿಂಗ್ ಹಾಕಿ ಬಿಗಿದರೆ ಸೋರಿಕೆ ನಿಲ್ಲುತ್ತದೆ, ಪೆಟ್ರೋಲೂ ಕಡಿಮೆಯಾಗುತ್ತದೆ. ನಿಂತಾಗ, ನಿಧಾನ ಓಡುವಾಗ ಸಾಕಾಗುತ್ತದೆ. ಉದ್ದದ ಏರಿನಲ್ಲಿ ಕಾರ್ಬೊರೇಟರಿನ ಬಟ್ಟಲು ಖಾಲಿಯಾಗುತ್ತಾ ಬಂದು ಗಾಡಿ ಮುಗ್ಗರಿಸುತ್ತದೆ. ರಾಯರ ಗಾಡಿ ಮುಗ್ಗರಿಸುತ್ತಿರಲಿಲ್ಲ. ಏರಿನ ಆರಂಭದಿಂದಲೇ ಬಲವಿಲ್ಲದೆ ಒಂದೇ ಸಮನೆ ಸೋಲುತ್ತಿತ್ತು.

ಸುಳಿವು ಸಿಕ್ಕಿದ್ದು

ಕಿಡಿಯ ಹೊತ್ತಿನ ಕಡೆ ಬಂದಾಗ ಮೊದಲ ಅನುಮಾನ ಹುಟ್ಟಿತು. ಕಿಡಿ ಹಾರಿದ ಕೂಡಲೇ ಸಿಲಿಂಡರಿನೊಳಗಿನ ಮಿಶ್ರಣ ಪಟಾಕಿಯಂತೆ ಸಿಡಿಯುವುದಿಲ್ಲ; ಉರಿ ಹರಡಲು ಸೆಕೆಂಡಿನ ಒಂದೆರಡು ಸಾವಿರಾಂಶ ಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್ ಒಂದು ಸಾವಿರಾಂಶ ಸೆಕೆಂಡಿನಲ್ಲಿ 18 ಡಿಗ್ರಿ ತಿರುಗಿಬಿಡುತ್ತದೆ. ಅದಕ್ಕೇ ಪಿಸ್ಟನ್ ತುದಿ ತಲುಪುವ ಮುಂಚೆಯೇ ಕಿಡಿ ಕೊಡುವುದು. ತಡವಾದರೆ ಬಲವಿಲ್ಲ, ಎಂಜಿನ್ ಕಾಯುತ್ತದೆ. ತೀರ ಬೇಗವಾದರೆ ಏರಿನಲ್ಲಿ ಟಿಣಿಟಿಣಿ ಎಂದು ಲೋಹ ಬಡಿದ ಸದ್ದು.

ಪರೀಕ್ಷಿಸಲು ಒಂದು 12 ವೋಲ್ಟಿನ ಬಲ್ಬು ಸಾಕು. ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ತೆಳು ವೈರಿನ ತುದಿಗೂ ಬಾಡಿಗೂ ನಡುವೆ ಬಲ್ಬು ಹಾಕಿ, ಕೀ ಆನ್ ಮಾಡಿ, ಎಂಜಿನನ್ನು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಪಾಯಿಂಟು ಬಿಟ್ಟುಕೊಂಡ ಕ್ಷಣ ಬಲ್ಬು ಹತ್ತುತ್ತದೆ. ಅದೇ ಕಿಡಿಯ ಹೊತ್ತು. ರಾಯರ ಗಾಡಿಯಲ್ಲಿ ಅದು ಕೈಪಿಡಿಯ ಗುರುತಿಗೆ ಹೆಚ್ಚುಕಡಿಮೆ ಸರಿಯಾಗಿತ್ತು. ಆದರೆ ಡಿಸ್ಟ್ರಿಬ್ಯೂಟರಿನ ಬುಡ? ಮೂವತ್ತು ವರ್ಷಗಳ ಎಣ್ಣೆ ಜಿಡ್ಡು ಅಲ್ಲಿ ಒಂದು ಗೆರೆ ಎಳೆದಿತ್ತು. ಆ ಹಳೆಯ ಗೆರೆಗೂ ಈಗ ಅದನ್ನು ಬಿಗಿದಿರುವ ಜಾಗಕ್ಕೂ ಸುಮಾರು ಅರ್ಧ ಸೆಂಟಿಮೀಟರ್ ಅಂತರ. ಮೇಸ್ತ್ರಿ ಅದನ್ನು ತಿರುಗಿಸಿ ಹೊತ್ತು ಸರಿಮಾಡಿದ್ದಾರೆ ಸರಿ. ತಿರುಗಿಸಬೇಕಾಗಿ ಬಂದದ್ದು ಏಕೆ? ಪಾಯಿಂಟು ಹಳೆಯದೇ, ಗ್ಯಾಪೂ ಹಳೆಯದೇ.

ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್ ಶಾಫ್ಟು. ಕ್ಯಾಮ್ ಶಾಫ್ಟನ್ನು ತಿರುಗಿಸುವುದು ಟೈಮಿಂಗ್ ಚೈನು. ಚೈನು ಹೊಸದು.

ಇನ್ನು ಊಹೆ ಬೇಡ, ಅಳೆಯೋಣ ಎಂದು ಕಂಪ್ರೆಷನ್ ಗೇಜು ತರಿಸಿದೆ. ಈ ಪರೀಕ್ಷೆಗೆ ಎಂಜಿನ್ ಬಿಸಿಯಾಗಿರಬೇಕು, ಬ್ಯಾಟರಿ ತುಂಬಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಕಾಯಿಲಿನ ವೈರು ಕಳಚಿರಬೇಕು. ಎಲ್ಲಕ್ಕಿಂತ ಮುಖ್ಯ, ಎಕ್ಸಲೇಟರ್ ಪೂರ್ತಿ ಒತ್ತಿರಬೇಕು. ಇದನ್ನು ಮರೆತು ಸೆಲ್ಫ್ ಹೊಡೆದರೆ ಒಳಗೆ ಗಾಳಿಯೇ ಬಾರದೆ ಗೇಜು ಒಳ್ಳೆಯ ಎಂಜಿನ್ನಿಗೂ ಮರಣಪತ್ರ ಬರೆದುಬಿಡುತ್ತದೆ. ಸಿಕ್ಕಿದ ಅಂಕಿಗಳು: 94, 92, 95, 92 ಪೌಂಡು. ಈ ಬಗೆಯ ಎಂಜಿನ್ 120ರ ಆಸುಪಾಸು ತೋರಿಸಬೇಕು.

ಮೇಸ್ತ್ರಿಗೆ ಇಷ್ಟೇ ಸಾಕಾಯಿತು. ‘ನೋಡಿ ಮಾಸ್ಟ್ರೇ, ನಾನು ಹೇಳಿರಲಿಲ್ಲವಾ? ಬೋರ್ ಹೋಗಿದೆ.’

ಇಲ್ಲಿ ಒಂದು ಚಮಚ ಎಣ್ಣೆ ತೀರ್ಪು ಕೊಡುತ್ತದೆ. ಪ್ಲಗ್ ತೂತಿನಿಂದ ಅಷ್ಟು ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದರೆ, ರಿಂಗು ಮತ್ತು ಬೋರಿನ ನಡುವಿನ ಸಂದನ್ನು ಎಣ್ಣೆ ತಾತ್ಕಾಲಿಕವಾಗಿ ಮುಚ್ಚುತ್ತದೆ. ದೋಷ ಅಲ್ಲಿದ್ದರೆ ಗೇಜು ಜಿಗಿಯುತ್ತದೆ. ರಾಯರ ಗಾಡಿಯಲ್ಲಿ ಮುಳ್ಳು ಎರಡು ಪೌಂಡು ಏರಿ ನಿಂತಿತು. ಬೋರ್ ನಿರಪರಾಧಿ! ಹಾಗಾದರೆ ವಾಲ್ವು ಸೋರುತ್ತಿರಬಹುದೇ? ಗ್ರೈಂಡಿಂಗ್ ಮಾಡಿದ ಮೇಲೆ ವಾಲ್ವು ಸೀಟಿನೊಳಕ್ಕೆ ಒಂದಿಷ್ಟು ಇಳಿಯುವುದರಿಂದ ಅದರ ಬಾಲ ಮೇಲಕ್ಕೆ ಬಂದು ಟ್ಯಾಪೆಟ್ ಗ್ಯಾಪು ಕಡಿಮೆಯಾಗುತ್ತದೆ. ಮರಳಿ ಸರಿಮಾಡದಿದ್ದರೆ ಬಿಸಿಯಾದಾಗ ವಾಲ್ವು ಪೂರ್ತಿ ಮುಚ್ಚದೆ ಸೋರುವುದುಂಟು. ಆದರೆ ಫೀಲರ್ ಗೇಜು ಹಾಕಿ ನೋಡಿದರೆ ಗ್ಯಾಪುಗಳು ಸರಿಯಾಗಿದ್ದವು. ಹೆಡ್ ಪ್ಯಾಕಿಂಗ್ ಹೋಗಿದ್ದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಸಿಲಿಂಡರು ಒಟ್ಟಿಗೆ ಬೀಳುತ್ತವೆ. ಇಲ್ಲಿ ನಾಲ್ಕೂ ಒಂದೇ ಮಟ್ಟದಲ್ಲಿ, ಒಂದೇ ಶಿಸ್ತಿನಲ್ಲಿ ಕಡಿಮೆ. ನಾಲ್ಕು ಹುಡುಗರ ಉತ್ತರ ಪತ್ರಿಕೆಯಲ್ಲಿ ಒಂದೇ ತಪ್ಪು ಇದ್ದರೆ ಮೇಷ್ಟರಾದವನಿಗೆ ಏನನ್ನಿಸಬೇಕೋ ಅದೇ ಅನ್ನಿಸಿತು. ತಪ್ಪು ನಾಲ್ವರದಲ್ಲ, ನಾಲ್ವರಿಗೂ ಹೇಳಿಕೊಟ್ಟ ಒಬ್ಬನದು. ನಾಲ್ಕು ಸಿಲಿಂಡರಿನ ವಾಲ್ವುಗಳಿಗೂ ‘ಈಗ ತೆರೆ, ಈಗ ಮುಚ್ಚು’ ಎಂದು ಹೇಳುವುದು ಕ್ಯಾಮ್ ಶಾಫ್ಟು ಒಂದೇ.

ಒಂದೇ ಒಂದು ಹಲ್ಲು

ಕ್ರ್ಯಾಂಕು ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದು ಸುತ್ತು ತಿರುಗುತ್ತದೆ. ಕ್ಯಾಮಿನ ಹಲ್ಲುಚಕ್ರಕ್ಕೆ, ಲೆಕ್ಕದ ಸುಲಭಕ್ಕಾಗಿ, 40 ಹಲ್ಲು ಎಂದುಕೊಳ್ಳಿ. ಚೈನು ಒಂದು ಹಲ್ಲು ತಪ್ಪಿ ಕೂತರೆ ಕ್ಯಾಮ್ 9 ಡಿಗ್ರಿ ಹಿಂದೆ ಬೀಳುತ್ತದೆ. ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಪೆಟ್ರೋಲ್ ಮಿಶ್ರಣ ಒಳಬಿಡುವ ವಾಲ್ವು, ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇಳಲು ಶುರುಮಾಡಿದ ಮೇಲೂ ಸ್ವಲ್ಪ ಹೊತ್ತು ತೆರೆದಿರುತ್ತದೆ. ಜೋರಾಗಿ ನುಗ್ಗಿ ಬರುತ್ತಿರುವ ಗಾಳಿ ತನ್ನ ಓಟದ ಬಲದಿಂದ ಇನ್ನಷ್ಟು ತುಂಬಿಕೊಳ್ಳಲಿ ಎಂದು ಹಾಗೆ ಮಾಡಿರುತ್ತಾರೆ. ಆದರೆ ಆ ವಾಲ್ವು ಇನ್ನೂ 18 ಡಿಗ್ರಿ ತಡಮಾಡಿ ಮುಚ್ಚಿದರೆ, ಏರುತ್ತಿರುವ ಪಿಸ್ಟನ್ನು ಒಳಗೆ ಬಂದ ಮಿಶ್ರಣದ ಒಂದು ಭಾಗವನ್ನು ಬಂದ ದಾರಿಯಲ್ಲೇ ಹೊರದಬ್ಬುತ್ತದೆ. ಏರ್ ಫಿಲ್ಟರ್ ಒದ್ದೆಯಾದದ್ದು ಹಾಗೆ. ಗೇಜು ಕೆಳಗೆ ನಿಂತದ್ದೂ ಹಾಗೆ. ಎಂಜಿನ್ ಜೋರಾಗಿ ತಿರುಗುವಾಗ ಗಾಳಿಯ ಓಟವೇ ಜೋರಿರುವುದರಿಂದ ನಷ್ಟ ಕಡಿಮೆ. ನಿಧಾನ ಸುತ್ತಿನಲ್ಲಿ, ಅಂದರೆ ಘಾಟಿಯ ಮೂರನೇ ಗೇರಿನಲ್ಲಿ, ನಷ್ಟ ಹೆಚ್ಚು. ಡಿಸ್ಟ್ರಿಬ್ಯೂಟರೂ ಕ್ಯಾಮಿನ ಜೊತೆಗೇ ಹಿಂದೆ ಬಿದ್ದದ್ದರಿಂದ ಅದನ್ನು ತಿರುಗಿಸಿ ಸರಿಪಡಿಸಬೇಕಾಯಿತು. ಹಾಗೆ ಸರಿಪಡಿಸಿದ್ದರಿಂದಲೇ ಗಾಡಿ ಸಲೀಸಾಗಿ ಸ್ಟಾರ್ಟ್ ಆಗಿ, ರೋಗ ಮರೆಯಾಯಿತು.

ಚೈನಿನ ಮುಚ್ಚಳ ಬಿಚ್ಚುವ ಮುನ್ನ ಇನ್ನೊಂದು ಖಾತರಿ ಮಾಡಿಕೊಳ್ಳಬಹುದು. ರಾಕರ್ ಮುಚ್ಚಳ ತೆಗೆದು, ಪ್ಲಗ್ ಕಳಚಿ, ಟಾಪ್ ಗೇರಿಗೆ ಹಾಕಿ, ಸಮತಟ್ಟು ನೆಲದಲ್ಲಿ ಕಾರನ್ನು ಅಂಗುಲ ಅಂಗುಲವಾಗಿ ತಳ್ಳಿದರೆ ಎಂಜಿನ್ ಮೆಲ್ಲಗೆ ತಿರುಗುತ್ತದೆ. ಸುಟ್ಟ ಹೊಗೆಯ ವಾಲ್ವು ಮುಚ್ಚುತ್ತಾ ಒಳದಾರಿಯ ವಾಲ್ವು ತೆರೆಯುತ್ತಾ ಇರುವ ಒಂದು ಸಂಧಿಕಾಲ ಉಂಟು. ಎರಡೂ ಸಮನಾಗಿ ತೂಗುತ್ತಿರುವ ಆ ಕ್ಷಣ, ಸಾಧಾರಣ ಎಂಜಿನ್‌ಗಳಲ್ಲಿ, ಪಿಸ್ಟನ್ ಮೇಲ್ತುದಿಯಲ್ಲಿರುವ ಹೊತ್ತಿಗೆ ಹತ್ತಿರದಲ್ಲಿರಬೇಕು. ಒಂದನೇ ಸಿಲಿಂಡರಿನ ತೂಗಾಟ ನೋಡಿದೆವು. ಕ್ರ್ಯಾಂಕ್ ಪುಲ್ಲಿಯ ಗುರುತು ದಾಟಿ ಸುಮಾರು ಎರಡು ಸೆಂಟಿಮೀಟರ್ ಹೋದ ಮೇಲೆ ಅದು ಬಂತು. ಅಂಗೈ ಅಗಲದ ಪುಲ್ಲಿಯ ಅಂಚಿನಲ್ಲಿ 18 ಡಿಗ್ರಿ ಎಂದರೆ ಅಷ್ಟೇ ದೂರ.

ಮುಚ್ಚಳ ಬಿಚ್ಚಿದಾಗ ಎರಡು ಚಕ್ರಗಳ ಗುರುತುಗಳು ಒಂದು ಹಲ್ಲಿನಷ್ಟು ಮುಖ ತಿರುಗಿಸಿಕೊಂಡು ನಿಂತಿದ್ದವು. ಹೀಗಾಗುವುದಕ್ಕೆ ಮೇಸ್ತ್ರಿಯ ಅಜ್ಞಾನವೇ ಕಾರಣವಾಗಬೇಕಿಲ್ಲ. ಹಳೆಯ ಚೈನು ಕಳಚಿದ ಕೂಡಲೇ ವಾಲ್ವಿನ ಸ್ಪ್ರಿಂಗುಗಳ ಒತ್ತಡಕ್ಕೆ ಕ್ಯಾಮ್ ತಾನಾಗಿ ಒಂದಿಷ್ಟು ತಿರುಗಿಬಿಡುತ್ತದೆ. ಹೊಸ ಚೈನು ಬಿಗಿಯಾಗಿರುವುದರಿಂದ ಚಕ್ರ ಕೂರಿಸುವಾಗಲೂ ಜಾರುತ್ತದೆ. ಬಿಗಿದ ಮೇಲೆ ಎಂಜಿನನ್ನು ಎರಡು ಸುತ್ತು ಕೈಯಲ್ಲಿ ತಿರುಗಿಸಿ ಗುರುತು ಮತ್ತೆ ಎದುರುಬದುರು ಬಂತೇ ಎಂದು ನೋಡುವ ಎರಡು ನಿಮಿಷದ ಕೆಲಸ ಬಿಟ್ಟುಹೋಗಿತ್ತು. ‘ಚೈನು ಹೊಸದಲ್ವಾ ಮಾಸ್ಟ್ರೇ, ಅದರ ಮೇಲೆ ಯಾರಿಗೆ ಡೌಟ್ ಬರ್ತದೆ?’ ಎಂದರು ಮೇಸ್ತ್ರಿ. ಆದರೆ ಮಜೂರಿ ತೆಗೆದುಕೊಳ್ಳಲಿಲ್ಲ, ಅದನ್ನು ಹೇಳಬೇಕು. ಚೈನು ಒಂದು ಹಲ್ಲು ಸರಿಸಿ, ಡಿಸ್ಟ್ರಿಬ್ಯೂಟರನ್ನು ಜಿಡ್ಡಿನ ಹಳೆಯ ಗೆರೆಗೇ ತಂದು, ಮತ್ತೆ ಅಳೆದಾಗ ಗೇಜು 122, 120, 124, 121 ತೋರಿಸಿತು. ಖರ್ಚು ಒಂದು ಮುಚ್ಚಳದ ಪ್ಯಾಕಿಂಗು, ಅರ್ಧ ಲೀಟರ್ ಎಣ್ಣೆ.

ಗೇಜಿನ ಅಂಕಿ ಓದುವಾಗ ಊರಿನ ಎತ್ತರವನ್ನೂ ಗಮನಿಸಬೇಕು. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಅಲ್ಲಿ ಗಾಳಿಯ ಒತ್ತಡವೇ ಶೇಕಡಾ 12–13ರಷ್ಟು ಕಡಿಮೆ. ಉಡುಪಿಯಲ್ಲಿ 120 ತೋರಿಸುವ ಎಂಜಿನ್ ಅಲ್ಲಿ 105 ತೋರಿಸಿದರೆ ಗಾಬರಿಯಾಗಬೇಕಿಲ್ಲ.

ಈಚಿನ ಇನ್ನೊಂದು ಸಂಗತಿಯೂ ಎಂಜಿನ್ ಕೆಲಸದ ತಲೆಗೆ ಬರುವುದುಂಟು. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ 9 ಕಿಲೋ ಸಾಕು. ಹೊಸ ಕಾರಿನಲ್ಲಿ ಕಂಪ್ಯೂಟರು ಈ ವ್ಯತ್ಯಾಸವನ್ನು ಸರಿದೂಗಿಸುತ್ತದೆ. ಕಾರ್ಬೊರೇಟರಿನ ಜೆಟ್ಟಿಗೆ ಅದು ತಿಳಿಯುವುದಿಲ್ಲ, ಹಳೆಯ ಅಳತೆಯಲ್ಲೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಎಂಜಿನ್ ಕೆಲಸಕ್ಕೂ ಹೊಸ ಪೆಟ್ರೋಲಿಗೂ ಒಂದೇ ತಿಂಗಳು ಕೂಡಿಬಂದರೆ ದೋಷ ಯಾರದೆಂದು ಹೇಳುವುದು ಕಷ್ಟ. ಪ್ಲಗ್ ತೆಗೆದು ನೋಡಿ: ಪಿಂಗಾಣಿ ತಿಳಿ ಕಂದು ಬಣ್ಣವಿದ್ದರೆ ಮಿಶ್ರಣ ಹದವಾಗಿದೆ, ಸುಣ್ಣದಂತೆ ಬೆಳ್ಳಗಿದ್ದರೆ ತೆಳುವಾಗಿದೆ, ಜೆಟ್ಟು ಒಂದು ಅಳತೆ ದೊಡ್ಡದು ಬೇಕಾಗಬಹುದು. ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಾಮುಗಳನ್ನೂ ಎಥನಾಲ್ ಉಬ್ಬಿಸಿ ಹಾಳುಮಾಡುತ್ತದೆ. ಅವುಗಳನ್ನು ಬದಲಿಸಿಕೊಳ್ಳುವುದು ಬೆಂಕಿಯ ದೃಷ್ಟಿಯಿಂದಲೂ ಒಳ್ಳೆಯದು.

ರಾಯರು ಈಗ ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಮೊದಲ ಪುಟದಲ್ಲಿ ಎರಡು ಸಾಲು ಗೇಜಿನ ಅಂಕಿಗಳಿವೆ, ತಾರೀಕು ಸಮೇತ. ಅದರ ಕೆಳಗೆ: ‘500 ಕಿ.ಮೀ. ಆದ ಮೇಲೆ ಹೆಡ್ ನಟ್ ಬಿಗಿಸುವುದು, ಆಮೇಲೆ ಟ್ಯಾಪೆಟ್ ನೋಡುವುದು.’ ಹೆಡ್ ಬಿಗಿದರೆ ಪ್ಯಾಕಿಂಗ್ ಕುಗ್ಗಿ ಟ್ಯಾಪೆಟ್ ಗ್ಯಾಪು ಮತ್ತೆ ಕಡಿಮೆಯಾಗುತ್ತದೆ, ಆದ್ದರಿಂದ ಆ ಎರಡು ಕೆಲಸ ಆ ಕ್ರಮದಲ್ಲೇ ಆಗಬೇಕು. ಹೋದ ತಿಂಗಳು ಉಡುಪಿಯಿಂದ ಬರುವಾಗ ಆಗುಂಬೆಯ ನೇರ ಏರುಗಳಲ್ಲಿ ಮೂರನೇ ಗೇರು ಬಿಡಲಿಲ್ಲವಂತೆ. ಹದಿನಾಲ್ಕು ತಿರುವುಗಳಲ್ಲಿ ಮಾತ್ರ ಎರಡಕ್ಕೆ ಇಳಿಸಿದರಂತೆ. ಹಿಂದಿನ ಎಡಚಕ್ರ ಸ್ವಲ್ಪ ಬಿಸಿಯಾಗುತ್ತಿದೆ ಎಂದಿದ್ದಾರೆ. ಈ ಭಾನುವಾರ ಡ್ರಮ್ ಬಿಚ್ಚಬೇಕು.